ಕರೆಂಟು ಹೋದರೂ ಹೋದೀತು

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ಬೆಂಗಳೂರಿನಿಂದ ಊರಿಗೆ ಮರಳಿದವರಲ್ಲಿ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿಕೊಂಡವರೂ ಬಹಳ ಜನ ಇದ್ದರು. ಚಿತ್ರದುರ್ಗ ಜಿಲ್ಲೆಯನ್ನೇ ನೋಡಿ: ಹಿರಿಯೂರು ಬೆಂಗಳೂರಿಗೆ ಹೆಚ್ಚುಕಡಿಮೆ 160 ಕಿಲೋಮೀಟರ್, ಚಿತ್ರದುರ್ಗ 200. ಹೊಸದುರ್ಗ, ಹೊಳಲ್ಕೆರೆ ಸ್ವಲ್ಪ ಒಳಗಿದ್ದರೂ ಅರ್ಧ ದಿನದ ದಾರಿ. ಪಿಜಿ ಬಾಡಿಗೆ ಉಳಿಯಿತು, ಸಿಲ್ಕ್ ಬೋರ್ಡ್ ಟ್ರಾಫಿಕ್ಕು ತಪ್ಪಿತು, ಹೊತ್ತು ಹೊತ್ತಿಗೆ ಬಿಸಿ ಮುದ್ದೆ. ಇದಕ್ಕಿಂತ ಸುಖ ಇನ್ನೇನು ಎಂದರು ನೆಂಟರಿಷ್ಟರು. ಆದರೆ ತಿಂಗಳುಗಳು ಉರುಳಿದಂತೆ ಅದೇ ಹುಡುಗ ಹುಡುಗಿಯರು ಕತ್ತುನೋವು, ಬಾರದ ನಿದ್ದೆ, ಕಾರಣವಿಲ್ಲದ ಸಿಡುಕು ಎನ್ನತೊಡಗಿದರು. ವಾರಕ್ಕೆರಡು ದಿನವೋ ಮೂರು ದಿನವೋ ಮನೆಯಿಂದಲೇ ದುಡಿಯುವವರಿಗೆ ಈಗಲೂ ಈ ಕಾಟ ತಪ್ಪಿಲ್ಲ.

ಕೆಲಸ ಜಾಸ್ತಿಯಾಯಿತು, ಅದಕ್ಕೇ ಹೀಗೆ ಎನ್ನುವುದು ಸುಲಭದ ಉತ್ತರ. ಅರ್ಧ ಮಾತ್ರ ನಿಜ.

2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಆಟ ಆಡಿಸಿದರು. ಪರದೆಯ ಮೇಲೆ ಬಂಡೆಗಳು. ಯಾವುದರ ಅಡಿಯಲ್ಲಿ ಹಾವಿದೆ ಎಂದು ಊಹಿಸಬೇಕು. (ಬಂಡೆಯಡಿಯ ಹಾವನ್ನು ಚಿತ್ರದುರ್ಗದವರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ.) ಹಾವು ಸಿಕ್ಕಿದರೆ ಕೈಗೆ ನೋವಾಗುವಂಥ ಶಾಕು. ಆಡುತ್ತಿದ್ದವರ ಬೆವರನ್ನೂ ಕಣ್ಣಪಾಪೆ ಹಿಗ್ಗುವುದನ್ನೂ ಅಳೆಯುತ್ತಾ ಹೋದರು. ಶಾಕು ಖಂಡಿತ ಹೊಡೆಯುತ್ತದೆ ಎಂದು ಗೊತ್ತಿದ್ದಾಗ ಒತ್ತಡ ತೀರಾ ಹೆಚ್ಚಿರಲಿಲ್ಲ. ಹೊಡೆಯಬಹುದು, ಹೊಡೆಯದೆಯೂ ಇರಬಹುದು ಎಂಬ ಫಿಫ್ಟಿ ಫಿಫ್ಟಿ ಸ್ಥಿತಿಯಲ್ಲಿ ಅದು ತುತ್ತತುದಿಗೇರಿತ್ತು. ನಮ್ಮ ಶರೀರಕ್ಕೆ ಖಾತ್ರಿಯಾದ ನೋವಿಗಿಂತ ಅನಿಶ್ಚಿತತೆ ಹೆಚ್ಚು ದುಬಾರಿ.

ಇದನ್ನು ಹೊಸದುರ್ಗದ ಒಂದು ಮನೆಗೆ ತಂದು ನೋಡಿ. ಮಂಗಳವಾರ ಬೆಳಿಗ್ಗೆ ಹತ್ತರಿಂದ ಐದರವರೆಗೆ ವಿದ್ಯುತ್ ವ್ಯತ್ಯಯ ಎಂದು ಪೇಪರಿನಲ್ಲಿ ಬಂದರೆ ಯಾರೂ ಗಾಬರಿಯಾಗುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಂಡು, ಮೀಟಿಂಗನ್ನು ಬುಧವಾರಕ್ಕೆ ತಳ್ಳುತ್ತಾರೆ. ಜೀವ ಹಿಂಡುವುದು ಸೂಚನೆಯಿಲ್ಲದೆ ಬಂದು ಹೋಗುವ ಕರೆಂಟು. ಮಾಳಿಗೆಯ ಮೇಲೆ ಸಿಕ್ಕಿ ಕೆಳಗಿಳಿದರೆ ಮಾಯವಾಗುವ ನೆಟ್‌ವರ್ಕು. ‘ಸ್ವಲ್ಪ ಮಾತಾಡಬೇಕಿತ್ತು, ಆಮೇಲೆ ಕಾಲ್ ಮಾಡ್ತೀನಿ’ ಎಂಬ ಮ್ಯಾನೇಜರ್ ಮೆಸೇಜು. ಆಮೇಲೆ ಅಂದರೆ ಯಾವಾಗ ಎಂದು ಮಾತ್ರ ಹೇಳಿರುವುದಿಲ್ಲ. ಇಂಥ ದಿನ ಕೆಲಸ ಮಾಡಿದ್ದು ಕಮ್ಮಿ ಇದ್ದರೂ ಸಂಜೆಗೆ ಮೈ ಹಣ್ಣಾಗಿರುತ್ತದೆ.

ಅಪಾಯದ ಸುಳಿವು ಸಿಕ್ಕೊಡನೆ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸೆಕೆಂಡುಗಳಲ್ಲಿ ಅಡ್ರಿನಲಿನ್ ಸುರಿಸುತ್ತವೆ. ಎದೆ ಬಡಿತ ಏರುತ್ತದೆ. ಇನ್ನೊಂದು ದಾರಿ ನಿಧಾನದ್ದು: ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳಿ, ಅದು ಅಡ್ರಿನಲ್‌ಗೆ ಹೇಳಿ, ಕೆಲವು ನಿಮಿಷಗಳಲ್ಲಿ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ. ಇಳಿಯುವುದಕ್ಕೆ ಅದು ಹೊತ್ತು ತೆಗೆದುಕೊಳ್ಳುತ್ತದೆ. ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪುಟ್ಟ ಟಿಪ್ಪಣಿಯೊಂದನ್ನು ಬರೆದ ಮೇಲೆ ಒತ್ತಡದ ಈ ಶರೀರಶಾಸ್ತ್ರ ಬೆಳೆಯುತ್ತ ಬಂತು. ಈ ವ್ಯವಸ್ಥೆ ಕೆಟ್ಟದ್ದಲ್ಲ. ಹುಲಿ ಬಂದಾಗ ನಮ್ಮನ್ನು ಓಡಿಸಿ, ಹುಲಿ ಹೋದ ಮೇಲೆ ತಣ್ಣಗಾಗಲೆಂದೇ ಇರುವಂಥದ್ದು. ಬರಬಹುದಾದ ಕಾಲ್‌ಗೆ ಮಾತ್ರ ‘ಹೋಯಿತು’ ಎಂಬ ಗಳಿಗೆಯೇ ಇಲ್ಲ. ಕಾರ್ಟಿಸಾಲ್ ಮೇಲೆಯೇ ಉಳಿದರೆ ನಿದ್ದೆ, ರಕ್ತದೊತ್ತಡ, ನೆನಪು ಎಲ್ಲಕ್ಕೂ ಏಟು.

ಕೆಲಸದ ಹೊರೆ ಮತ್ತು ಒತ್ತಡದ ಲೆಕ್ಕವನ್ನು ಬೇರೆ ಮಾಡಿ ತೋರಿಸಿದವನು ಅಮೆರಿಕದ ರಾಬರ್ಟ್ ಕರಾಸೆಕ್. ಹೊರೆ ಭಾರವಿದ್ದರೂ ಯಾವಾಗ, ಹೇಗೆ ಮಾಡಬೇಕೆಂಬ ಹಿಡಿತ ಕೈಯಲ್ಲಿದ್ದರೆ ಮನುಷ್ಯ ತಾಳಿಕೊಳ್ಳುತ್ತಾನೆ. ಹೊರೆ ಹೆಚ್ಚು, ಹಿಡಿತ ಕಮ್ಮಿ ಆದಾಗಲೇ ಕುಸಿಯುತ್ತಾನೆ ಎಂದು ಆತ 1979ರಲ್ಲಿ ವಾದಿಸಿದ. 1985ರಲ್ಲಿ ಶುರುವಾಗಿ ಹತ್ತು ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸರ್ಕಾರಿ ನೌಕರರನ್ನು ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಲ್ಲೂ, ಕೆಲಸದ ಮೇಲೆ ಹಿಡಿತವಿಲ್ಲದವರಿಗೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು ಎಂಬುದು ಕಂಡುಬಂತು.

ಮನೆಯಲ್ಲಿ ಕೂತು ದುಡಿಯುವುದು ಚಿತ್ರದುರ್ಗ ಜಿಲ್ಲೆಗೆ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಮೊಳಕಾಲ್ಮುರಿನ ರೇಷ್ಮೆ ಸೀರೆ ಮನೆಯೊಳಗಿನ ಗುಂಡಿಮಗ್ಗದಲ್ಲೇ ತಯಾರಾಗುವುದು. ನೇಕಾರರ ಬದುಕು ಹೂವಿನ ಹಾಸಿಗೆ ಎಂದು ನಾನು ಹೇಳಲಾರೆ. ಕೂಲಿ ನಿರ್ಧರಿಸುವವರು ಬೇರೆಯವರು, ಸಾಲ ಇದ್ದೇ ಇದೆ. ಆದರೂ ಆ ಮನೆಗಳಲ್ಲಿ ಒಂದು ಅನುಕೂಲವಿದೆ: ಕೆಲಸ ಎಲ್ಲರ ಕಣ್ಣಿಗೂ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಲಾಳಿಯ ಸದ್ದಿದ್ದರೆ ದುಡಿಮೆ, ನಿಂತರೆ ಬಿಡುವು. ಇವತ್ತು ಎಷ್ಟು ನೇಯ್ದಾಯಿತು ಎಂಬುದು ಮಗ್ಗದ ಮೇಲೇ ಇದೆ. ಲ್ಯಾಪ್‌ಟಾಪ್ ಮುಂದೆ ಕೂತವರ ಕೆಲಸಕ್ಕೆ ಸದ್ದೂ ಇಲ್ಲ, ಅಳತೆಯೂ ಇಲ್ಲ. ಅದಕ್ಕೇ ‘ಮನೇಲೇ ಇದೀಯಲ್ಲಪ್ಪ, ಗ್ಯಾಸ್ ಬಂದ್ರೆ ಇಳಿಸ್ಕೋ’ ಎಂದು ಅಪ್ಪ ಹೇಳುತ್ತಾರೆ. ಸೊಸೆಗಾದರೆ ‘ಮನೇಲೇ ಇದೀಯಲ್ಲಮ್ಮ, ಸಾರಿಗೊಂದು ಒಗ್ಗರಣೆ ಹಾಕ್ಬಿಡು’. ಗಂಡಸರಿಗೆ ಹೇಳುವುದು ದಿನಕ್ಕೊಂದು ಸಲವಾದರೆ ಹೆಂಗಸರಿಗೆ ಗಂಟೆಗೊಂದು ಸಲ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಎದ್ದಾಗ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಒಗ್ಗರಣೆಗೆ ಹಿಡಿಯುವುದು ಎರಡು ನಿಮಿಷ ಇರಬಹುದು, ಮರಳಿ ಬಂದು ಕೂತ ಮೇಲೂ ಆ ಎರಡು ನಿಮಿಷ ಮುಗಿಯುವುದಿಲ್ಲ.

ಅಮೆರಿಕದ ಗಿರಾಕಿಗಳಿಗಾಗಿ ರಾತ್ರಿ ಪಾಳಿ ಮಾಡುವವರ ಪಾಡು ಇನ್ನೂ ಕಷ್ಟ. ಸಾಮಾನ್ಯವಾಗಿ ಕಾರ್ಟಿಸಾಲ್ ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಉತ್ತುಂಗದಲ್ಲಿದ್ದು ನಡುರಾತ್ರಿಯ ಹೊತ್ತಿಗೆ ತಳ ಮುಟ್ಟಿರುತ್ತದೆ. ಇವರು ದುಡಿಯುವುದೇ ಆ ಹೊತ್ತಿನಲ್ಲಿ. ದೇಹದ ಈ ಗಡಿಯಾರಕ್ಕೆ ಕೀ ಕೊಡುವುದು ಕಣ್ಣಿಗೆ ಬೀಳುವ ಬೆಳಕು. ಕಿಟಕಿ ಕಮ್ಮಿ ಇರುವ ಹಳೆಯ ಮಾಳಿಗೆ ಮನೆಯ ನಡುಮನೆ ಬೇಸಿಗೆಗೆ ತಂಪು, ನಿಜ. ಆದರೆ ಅಲ್ಲಿ ಸಿಗುವ ಬೆಳಕು ನೂರೋ ಇನ್ನೂರೋ ಲಕ್ಸ್. ಹೊರಗಿನ ನೆರಳಲ್ಲೇ ಸಾವಿರಾರು ಲಕ್ಸ್ ಇರುತ್ತದೆ. ಹಗಲು ಪಾಳಿಯವರೇ ಆದರೂ ದಿನವಿಡೀ ಒಳಗೆ ಕೂತವರಿಗೆ ರಾತ್ರಿ ನಿದ್ದೆ ದೂರವಾಗುವುದರಲ್ಲಿ ಇದರ ಪಾಲೂ ಇದೆ.

ಹಾಗಾದರೆ ಮಾಡುವುದೇನು? ಧ್ಯಾನದ ಆ್ಯಪ್, ಬೆಲೆಬಾಳುವ ಕುರ್ಚಿ ಎಂದು ಸಲಹೆಗಳು ಹೇರಳ. ಮೊದಲು ಅನಿಶ್ಚಿತವಾದದ್ದನ್ನು ಆದಷ್ಟು ನಿಶ್ಚಿತ ಮಾಡಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಯುಪಿಎಸ್ ಮತ್ತು ಇನ್ನೊಂದು ಕಂಪನಿಯ ಸಿಮ್ ಧ್ಯಾನಕ್ಕಿಂತ ಮುಂಚಿನ ಮದ್ದು. ‘ಆಮೇಲೆ ಮಾಡ್ತೀನಿ’ ಎಂದ ಮ್ಯಾನೇಜರಿಗೆ ‘ಎಷ್ಟು ಗಂಟೆಗೆ ಸರ್?’ ಎಂದು ತಿರುಗಿ ಕೇಳುವುದು ಉದ್ಧಟತನವಲ್ಲ. ಬಾಗಿಲು ಮುಚ್ಚಿದ್ದರೆ ಮೀಟಿಂಗು, ತೆರೆದಿದ್ದರೆ ಕರೆಯಬಹುದು ಎಂದು ಮನೆಯವರ ಜೊತೆ ಒಂದು ಮಾತು ಮಾಡಿಕೊಂಡರೆ ಲಾಳಿಯ ಸದ್ದಿನ ಕೆಲಸವನ್ನು ಬಾಗಿಲು ಮಾಡುತ್ತದೆ. ಉಸಿರನ್ನು ನಿಮಿಷಕ್ಕೆ ಆರರಂತೆ ನಿಧಾನಿಸಿ, ಬಿಡುವುದನ್ನು ಎಳೆಯುವುದಕ್ಕಿಂತ ಉದ್ದ ಮಾಡಿದರೆ ಎದೆಬಡಿತ ಇಳಿಯುವುದು ನಿಜವೇ. ಆದರೆ ಅದು ಆ ಗಳಿಗೆಗಷ್ಟೇ.

ದಿನಕ್ಕೊಂದು ಅಂಚು ಕಟ್ಟುವುದು ಇದಕ್ಕಿಂತ ದೊಡ್ಡ ಕೆಲಸ. ಸಂಜೆ ಮನಸ್ಸು ಕೆಲಸದಿಂದ ಪೂರ್ತಿ ಕಳಚಿಕೊಂಡವರಿಗೆ ದಣಿವು ಕಮ್ಮಿ ಎಂದು ಜರ್ಮನಿಯ ಸಬೀನೆ ಸೊನೆಂಟಾಗ್ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. ಬೆಂಗಳೂರಿನಲ್ಲಿ ಬೈದುಕೊಂಡು ಹತ್ತುತ್ತಿದ್ದ ಬಸ್ಸು ಆ ಕಳಚುವ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿತ್ತು. ಊರಿನಲ್ಲಿ ಅದನ್ನು ನಾವೇ ಮಾಡಿಕೊಳ್ಳಬೇಕು. ದುರ್ಗದವರಿಗೆ ಕೋಟೆಯ ದಾರಿಯಿದೆ, ಜೋಗಿಮಟ್ಟಿ ಬೆಟ್ಟದ ಗಾಳಿಯಿದೆ. ಬೇರೆ ಊರುಗಳಲ್ಲಿ ತೋಟದ ಬದು, ಕೆರೆ ಏರಿ. ಬೆಳಿಗ್ಗೆ ಲಾಗಿನ್ ಆಗುವ ಮುನ್ನ ಒಮ್ಮೆ, ಸಂಜೆ ಲ್ಯಾಪ್‌ಟಾಪ್ ಮಡಚಿದ ಮೇಲೆ ಒಮ್ಮೆ ನಡೆದುಬಂದರೆ ಬೆಳಕೂ ಸಿಕ್ಕಿತು, ಅಂಚೂ ಬಿತ್ತು.

ಎಲ್ಲರಿಗೂ ಮನೆ ಹೊಂದುತ್ತದೆ ಎಂದೇನಿಲ್ಲ. 2010ರ ಕೊನೆಯಲ್ಲಿ ಶಾಂಘೈನ ಸಿಟ್ರಿಪ್ ಕಂಪನಿ ಕೆಲವು ಕಾಲ್ ಸೆಂಟರ್ ನೌಕರರನ್ನು ಒಂಬತ್ತು ತಿಂಗಳು ಮನೆಯಿಂದ ದುಡಿಸಿ ನೋಡಿತು. ಅಧ್ಯಯನ ನಡೆಸಿದ ನಿಕೋಲಸ್ ಬ್ಲೂಮ್ ತಂಡದ ಲೆಕ್ಕದಲ್ಲಿ ಕೆಲಸ ಶೇ 13ರಷ್ಟು ಹೆಚ್ಚಿತ್ತು. ಆದರೂ ಆಯ್ಕೆ ಕೊಟ್ಟಾಗ ಸುಮಾರು ಅರ್ಧದಷ್ಟು ಮಂದಿ ಆಫೀಸಿಗೇ ಮರಳಿದರು, ಒಂಟಿತನ ತಾಳಲಾರದೆ. ಅಂಥವರು ಊರಿನಲ್ಲಿ ಇನ್ನಿಬ್ಬರು ಮೂವರ ಜೊತೆ ಸೇರಿ ಒಂದು ಕೋಣೆ ಹಿಡಿದು ಕೂರುವುದು ಜಾಣತನ.

ನಿದ್ದೆಗೇಡು, ಆತಂಕ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ವಾಕಿಂಗು ಸಾಲದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರ ಉಸ್ತುವಾರಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಪಕ್ಕದ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು.