ಕಂತು ನಿಂತಿತು, ಕಾರು ಹೋಯಿತು, ಆರ್‌ಸಿ ಮಾತ್ರ ನಮ್ಮ ಹೆಸರಲ್ಲೇ

ಕಳೆದ ತಿಂಗಳು ಮಗ್ರಿಬ್ ನಮಾಝ್ ಮುಗಿಸಿ ಹೊರಗೆ ಬರುವಾಗ ನಮ್ಮ ಮದ್ರಸದ ಹುಡುಗನೊಬ್ಬನ ತಂದೆ ಕಾಯುತ್ತಿದ್ದರು. "ಉಸ್ತಾದ್, ಒಂದು ವಿಷಯ ಉಂಟು" ಅಂದರು. ಮಗಳ ಮದುವೆ ಖರ್ಚಿಗೆಂದು ಹಳೆಯ ಆಲ್ಟೋ ಕಾರನ್ನು ಪರಿಚಯದವರಿಗೆ 2.40 ಲಕ್ಷಕ್ಕೆ ಮಾರಿದ್ದರಂತೆ. ಒಂದು ಲಕ್ಷ ಕೈಗೆ, ಉಳಿದದ್ದು ತಿಂಗಳಿಗೆ ಹತ್ತು ಸಾವಿರ. ನಾಲ್ಕು ಕಂತು ಬಂತು, ಆಮೇಲೆ ಫೋನೇ ಎತ್ತುವುದಿಲ್ಲ.

"ಆರ್‌ಸಿ ನನ್ನ ಹೆಸರಲ್ಲೇ ಉಂಟು, ಎರಡನೇ ಕೀಲಿಯೂ ಉಂಟು. ರಾತ್ರಿ ಹೋಗಿ ಕಾರು ತಂದರೆ ಆಗ್ಲಿಕ್ಕಿಲ್ವಾ?"

ಬೇಡ ಅಂದೆ. ಪರಿಚಯದ ವಕೀಲರೂ ಅದನ್ನೇ ಹೇಳಿದರು. ಮಾರಾಟ ಮುಗಿದು ಕಾರು ಕೊಟ್ಟಾದ ಮೇಲೆ ನಮಗೆ ಉಳಿದಿರುವುದು ಹಣದ ಹಕ್ಕು. ಕದ್ದುಮುಚ್ಚಿ ತಂದರೆ ಕಳ್ಳತನದ ದೂರು ನಮ್ಮ ಮೇಲೆಯೇ ಬರಬಹುದು.

ಆರ್‌ಸಿ ಕೈಯಲ್ಲಿಟ್ಟುಕೊಂಡರೆ ಅದೇ ಜಾಮೀನು ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ವಿಷಯ ಉಲ್ಟಾ. ಆ ಕಾರು ಯಾರಿಗಾದರೂ ಡಿಕ್ಕಿ ಹೊಡೆದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಕಾರು ಹಲವು ಕೈ ದಾಟಿತ್ತು, ಆದರೂ ಹೊಣೆ ಬಂದದ್ದು ಮೊದಲ ಮಾಲೀಕನಿಗೆ. ವಿಮೆ ಮುಗಿದಿದ್ದರೆ ಕಥೆ ಕೇಳುವುದೇ ಬೇಡ. ಮಾರಿದ 14 ದಿನಗಳೊಳಗೆ ಫಾರಂ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾವಣೆಗೆ ಫಾರಂ 30.

ಪೊಲೀಸರ ಹತ್ತಿರ ಹೋದರೆ "ಇದು ಸಿವಿಲ್" ಅಂತಾರೆ. ಅದು ಪೂರ್ತಿ ತಪ್ಪೂ ಅಲ್ಲ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತೆಂದು ತೋರಿಸಿದರೆ ಮಾತ್ರ ವಂಚನೆ ಕೇಸು ನಿಲ್ಲುತ್ತದೆ. ನಾಲ್ಕು ಕಂತು ಕೊಟ್ಟವನ ಮೇಲೆ ಅದು ಕಷ್ಟ. ಹಾಗಾಗಿ ಮೊದಲು ವಕೀಲರ ನೋಟಿಸು ಅಂಚೆಯಲ್ಲಿ, ಬಗ್ಗದಿದ್ದರೆ ಹಣ ವಸೂಲಿಗೆ ಸಿವಿಲ್ ದಾವೆ. ಕಂತು ತಪ್ಪಿದ ದಿನದಿಂದ 3 ವರ್ಷದೊಳಗೆ ಹಾಕಬೇಕು. ವಾಟ್ಸಾಪ್ ಮಾತುಕತೆ, ಬ್ಯಾಂಕ್ ವಿವರ ಅಳಿಸಬೇಡಿ.

ಚೆಕ್ ತೆಗೆದುಕೊಂಡಿದ್ದರೆ ದಾರಿ ಬೇರೆ. ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸು ಕಳಿಸಬೇಕು. ಅದು ತಲುಪಿ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಈ ಲೆಕ್ಕ ತಪ್ಪಿಸಿಕೊಂಡು ಕೈ ಹಿಸುಕಿಕೊಂಡವರನ್ನು ನೋಡಿದ್ದೇನೆ.

ಸಾಲದ ವ್ಯವಹಾರ ಬರೆದಿಡಿ ಎಂದು ಖುರ್‌ಆನ್ ಹೇಳುವ ಆಯತ್ತನ್ನು ಮಕ್ಕಳಿಗೆ ಕಲಿಸುವವನು ನಾನು. ಕಷ್ಟದಲ್ಲಿರುವವನಿಗೆ ಸಮಯ ಕೊಡಿ ಎಂಬ ಮಾತೂ ಅದಕ್ಕಿಂತ ಸ್ವಲ್ಪ ಮೊದಲೇ ಇದೆ. ಆದ್ದರಿಂದ ಆತನಿಗೆ ನಿಜಕ್ಕೂ ಏನಾಗಿದೆ ಅಂತ ಮೊದಲು ವಿಚಾರಿಸಿದೆವು. ಅಂಗಡಿ ಮುಚ್ಚಿತ್ತು, ನಾಚಿಕೆಯಿಂದ ಫೋನ್ ಎತ್ತುತ್ತಿರಲಿಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರು. ಲೋಕ ಅದಾಲತ್ತಿಗೆ ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ. ಉಳಿದ ಒಂದು ಲಕ್ಷವನ್ನು ತಿಂಗಳಿಗೆ ಐದು ಸಾವಿರದಂತೆ ಕೊಡುವುದೆಂದು ಇಬ್ಬರೂ ಸಹಿ ಹಾಕಿದರು. ಮರುದಿನವೇ ಆರ್‌ಟಿಒಗೆ ಹೋಗಿ ಹೆಸರು ಬದಲಾವಣೆಗೆ ಕಾಗದ ಕೊಟ್ಟು ಬಂದರು. ಎರಡನೇ ಕೀಲಿಯನ್ನೂ ಅಲ್ಲೇ ಕೊಟ್ಟರಂತೆ.