ಮ್ಯಾಕ್ ಗಣಕಯಂತ್ರವು ಕ್ರೀಡಾಯೋಗ್ಯವೇ?

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯಕ್ಕೆ ಹೋದವರು ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರ ಭಕ್ತವಿಗ್ರಹವನ್ನು ಕಂಡಿರುವರಷ್ಟೆ. ಆ ಪ್ರಭುಗಳು ಶಿವಭಕ್ತರಾಗಿದ್ದಂತೆಯೇ ಕ್ರೀಡಾಶಾಸ್ತ್ರಜ್ಞರೂ ಆಗಿದ್ದರೆಂಬುದು ಅಷ್ಟೊಂದು ಪ್ರಸಿದ್ಧವಲ್ಲ. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಆಟಗಳ ನಿರೂಪಣೆಯುಂಟು. ಚದುರಂಗದ ಅರುವತ್ತುನಾಲ್ಕು ಮನೆಗಳಲ್ಲಿಯೂ ಕುದುರೆಯನ್ನು ಒಂದೊಂದೇ ಸಲ ಇಳಿಸಿ ನಡೆಯಿಸುವ ಬಂಧಗಳನ್ನು ಅವರು ರಚಿಸಿದರು. ದಶಾವತಾರದ ಗಂಜೀಫಾ ಆಟಕ್ಕೆ ಹತ್ತು ವರ್ಗಗಳೂ ೧೨೦ ಎಲೆಗಳೂ ಸಾಕಾಗಿರಲು, ಅವರು ಕಲ್ಪಿಸಿದ ಛದಗಳಲ್ಲಿ ವರ್ಗಗಳು ಹದಿನೆಂಟರವರೆಗೂ ಬೆಳೆದುವು. ಚಿತ್ರಕಲೆಯ ದೃಷ್ಟಿಯಿಂದ ಆ ಎಲೆಗಳಿಗೆ ಸಮಾನವಾದವು ವಿರಳ. ಆದರೂ ಊರಮನೆಗಳಲ್ಲಿ ಆಡಿದ್ದು ಚೌಕಾಬಾರ, ಅಳಿಗುಳಿಮಣೆ, ಅರಮನೆಯ ಛದಗಳಲ್ಲ. ಉಪಕರಣದ ಸೌಷ್ಠವವೇ ಬೇರೆ, ಆ ಉಪಕರಣದ ಮೇಲೆ ಆಟವು ನೆಲೆಗೊಳ್ಳುವುದೇ ಬೇರೆ. ಪ್ರಕೃತ ವಿಚಾರಕ್ಕೆ ಇದನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳೋಣ.

ವಿಷಯವು ಇದು. ನಂಜನಗೂಡು, ತಿರುಮಕೂಡಲು ನರಸೀಪುರಗಳಂತಹ ಊರುಗಳಲ್ಲಿ ಮಗನ ವಿದ್ಯಾಭ್ಯಾಸಕ್ಕೆಂದು ಕಷ್ಟದಿಂದ ಹಣ ಕೂಡಿಸಿ ಗಣಕಯಂತ್ರವೊಂದನ್ನು ತರುವ ಗೃಹಸ್ಥರಿಗೆ, ಆ ಮಗನು "ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರವೇ ಆಗಬೇಕು, ಅದರಲ್ಲಿ ಪಾಠವೂ ಆಗುತ್ತದೆ, ಪಂದ್ಯದ ಆಟಗಳೂ ಆಗುತ್ತವೆ" ಎಂದು ಹೇಳುವುದುಂಟು. ಒಮ್ಮೆ ಕೊಂಡಮೇಲೆ ಇನ್ನೊಂದನ್ನು ಕೊಳ್ಳುವ ಶಕ್ತಿ ಇಂತಹ ಮನೆಗಳಿಗೆ ಇರುವುದಿಲ್ಲವಾದುದರಿಂದ, ಆ ಮಾತಿನ ಉತ್ತರಾರ್ಧವು ಎಷ್ಟರಮಟ್ಟಿಗೆ ದಿಟವೆಂಬ ಸಂಶಯವು ಉಪೇಕ್ಷಣೀಯವಲ್ಲ. ಆಟವೆಂದಮಾತ್ರಕ್ಕೆ ಹುಡುಗಾಟಿಕೆಯೆಂದು ತಳ್ಳಿಹಾಕುವಂತೆಯೂ ಇಲ್ಲ; ೨೦೨೨ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಇ-ಸ್ಪೋರ್ಟ್ಸ್ ಎಂಬ ಈ ಕ್ರೀಡೆಯನ್ನು ಯುವಜನ ಮತ್ತು ಕ್ರೀಡಾ ಇಲಾಖೆಗೆ ಸೇರಿಸಿತು.

ಮೊದಲು ಯಂತ್ರದ ಅಂಗಗಳನ್ನು ನೋಡತಕ್ಕದ್ದು. ಸಾಮಾನ್ಯವಾದ ತೆರೆಯೊಂದರಲ್ಲಿ ೧೯೨೦ ಅಡ್ಡಬಿಂದುಗಳೂ ೧೦೮೦ ಉದ್ದಬಿಂದುಗಳೂ, ಎಂದರೆ ಒಟ್ಟು ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಬಿಂದುಗಳಿರುತ್ತವೆ. ಚಲನೆಯು ತಡೆಯಿಲ್ಲದೆ ಕಾಣಬೇಕಾದರೆ ಕ್ಷಣಕ್ಷಣಕ್ಕೂ ಹೊಸ ಚಿತ್ರವಾಗಬೇಕು. ಸೆಕೆಂಡಿಗೆ ೬೦ ಚಿತ್ರಗಳೆಂದರೆ ಹನ್ನೆರಡು ಕೋಟಿಗೂ ಹೆಚ್ಚು ಬಿಂದುಗಳಿಗೆ ವರ್ಣನಿರ್ಣಯವಾಗಬೇಕು. ಒಂದೊಂದು ಚಿತ್ರಕ್ಕೆ ಸಿಕ್ಕುವ ಅವಕಾಶ ಸೆಕೆಂಡಿನ ಸಾವಿರದಲ್ಲಿ ಹದಿನೇಳು ಪಾಲಿಗಿಂತಲೂ ಕಡಮೆ. ಪಂದ್ಯಾಳುಗಳು ೧೨೦ ಚಿತ್ರಗಳನ್ನು ಬೇಡುವರು. ಆಗ ಅವಕಾಶವು ಅದರರ್ಧ. ತ್ರಿವೇಣೀಸಂಗಮವಾದ ತಿರುಮಕೂಡಲು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಗುಂಜಾನರಸಿಂಹಸ್ವಾಮಿಯ ಕ್ಷೇತ್ರದವರು ಹೇಳುವುದಿಲ್ಲವೇ? ಪಂದ್ಯದಲ್ಲಿ ಜಯಾಪಜಯಗಳು ನಿಲ್ಲುವುದೂ ಇಂತಹ ಗುಂಜಾಮಾತ್ರದ ಕಾಲದ ಮೇಲೆಯೇ.

ಈ ಕೆಲಸವನ್ನು ಮಾಡುವ ಅಂಗವು ಗ್ರಾಫಿಕ್ಸ್ ಪ್ರೊಸೆಸರು. ಪಂದ್ಯಕ್ಕಾಗಿ ಸಜ್ಜುಗೊಳಿಸಿದ ವಿಂಡೋಸ್ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ ಪ್ರತ್ಯೇಕವಾದ ಕಾರ್ಡಿನ ಮೇಲೆ, ತನ್ನದೇ ಆದ ಮೆಮರಿಯೊಡನೆ ಇರುತ್ತದೆ. ೨೦೨೦ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯು ಹೊರತಂದ ಎಂ ೧ ಚಿಪ್ಪಿನಲ್ಲಿ ಮುಖ್ಯ ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಮೆಮರಿಯನ್ನು ಹಂಚಿಕೊಂಡುವು. ಇಬ್ಬರು ಅಡಿಗೆಯವರಿಗೆ ಒಂದೇ ಉಗ್ರಾಣವಿದ್ದಂತೆ. ಪದಾರ್ಥವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಹೊರುವ ಶ್ರಮವಿಲ್ಲ. ಆದರೆ ಉಗ್ರಾಣದ ಬಾಗಿಲ ಅಗಲವನ್ನೂ ನೋಡಬೇಕು. ಎಂ ೧ರ ಮೆಮರಿಯಿಂದ ಸೆಕೆಂಡಿಗೆ ಸುಮಾರು ೬೮ ಗಿಗಾಬೈಟುಗಳೂ, ೨೦೨೧ರ ಎಂ ೧ ಮ್ಯಾಕ್ಸಿನಿಂದ ೪೦೦ ಗಿಗಾಬೈಟುಗಳೂ ಸಾಗಬಲ್ಲುವು. ೨೦೨೨ರ ಎನ್‌ವಿಡಿಯಾ ಆರ್‌ಟಿಎಕ್ಸ್ ೪೦೯೦ ಕಾರ್ಡಿನಲ್ಲಿ ಅದು ಸಾವಿರವನ್ನು ಮುಟ್ಟುತ್ತದೆ. ಆ ಕಾರ್ಡು ೪೫೦ ವಾಟ್ ವಿದ್ಯುತ್ತನ್ನು ನುಂಗುವುದೆಂಬುದೂ ಸ್ಮರಣೀಯ. ಮಿತವ್ಯಯದಲ್ಲಿ ಮ್ಯಾಕಿಗೇ ಮೇಲ್ಗೈ. ೨೦೨೩ರ ಎಂ ೩ರಲ್ಲಿ ಬೆಳಕಿನ ಕಿರಣಗಳ ಗತಿಯನ್ನು ಗಣಿಸುವ ಅಂಗವೂ ಸೇರಿತು. ದೋಷಗಳೆಂದರೆ, ಈ ಮೆಮರಿಯನ್ನು ಮುಂದೆ ಹೆಚ್ಚಿಸಲಾಗದು. ಮತ್ತು ನಮ್ಮವರು ಬಹುಶಃ ಕೊಳ್ಳುವ ಎಂ-ಚಿಪ್ಪಿನ ಮ್ಯಾಕ್‌ಬುಕ್ ಏರಿನಲ್ಲಿ ಫ್ಯಾನಿಲ್ಲ. ವೈಶಾಖದ ಸೆಖೆಯಲ್ಲಿ ಬಹಳ ಹೊತ್ತು ಆಡಿದರೆ ಯಂತ್ರವು ಕಾದು, ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ಕುಗ್ಗಿಸಿಕೊಳ್ಳುತ್ತದೆ.

ಇಷ್ಟರಿಂದ, ಈ ಒಂದೆರಡು ದೋಷಗಳಿದ್ದರೂ ಯಂತ್ರವು ಸಮರ್ಥವೇ ಆದುದರಿಂದ ಕ್ರೀಡಾಯೋಗ್ಯವೆಂದು ಪೂರ್ವಪಕ್ಷವು ಬರುತ್ತದೆ. ಅದು ನಿಲ್ಲದು. ಏಕೆಂದರೆ ಆಟವು ಯಂತ್ರದೊಡನೆ ನೇರವಾಗಿ ಮಾತನಾಡುವುದಿಲ್ಲ. ನಡುವೆ ಒಂದು ಭಾಷೆಯಿದೆ. ಗಣಕದ ದೊಡ್ಡ ಆಟಗಳಲ್ಲಿ ಹೆಚ್ಚಿನವು ವಿಂಡೋಸಿನ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ ಬರೆಯಲ್ಪಟ್ಟುವು. ಆಪಲ್ ಸಂಸ್ಥೆಯು ೨೦೧೪ರಲ್ಲಿ ಮೆಟಲ್ ಎಂಬ ತನ್ನದೇ ಭಾಷೆಯನ್ನು ಪ್ರಕಟಿಸಿ, ಸರ್ವಸಾಧಾರಣವಾಗಿದ್ದ ಓಪನ್‌ಜಿಎಲ್ಲನ್ನು ೨೦೧೮ರಲ್ಲಿ ತ್ಯಾಜ್ಯವೆಂದು ಸಾರಿತು. ೨೦೧೯ರಲ್ಲಿ ೩೨ ಬಿಟ್ಟಿನ ಕ್ರಮವಿಧಿಗಳನ್ನೇ ಕೈಬಿಟ್ಟಿತು. ಅದರೊಡನೆ ಅನೇಕ ಹಳೆಯ ಆಟಗಳು ಮ್ಯಾಕಿನಲ್ಲಿ ಲುಪ್ತವಾದುವು. ಹಿಂದಿನ ಇಂಟೆಲ್ ಮ್ಯಾಕುಗಳಲ್ಲಿ ಬೂಟ್ ಕ್ಯಾಂಪಿನ ಮೂಲಕ ವಿಂಡೋಸನ್ನೇ ನಡೆಯಿಸುವ ದಾರಿಯಿತ್ತು. ಎಂ ೧ರಿಂದೀಚೆಗೆ ಅದೂ ಇಲ್ಲ. ಹಳೆಯ ಕೃತಿಯನ್ನು ಓದಬಲ್ಲವರನ್ನು ಉಳಿಸಿಕೊಳ್ಳದೆ ಲಿಪಿಯನ್ನು ಬದಲಾಯಿಸಿದರೆ ಏನಾಗುವುದೆಂದು ತಾಳೆಗರಿಗಳೊಡನೆ ಒಡನಾಡಿದ ನಮ್ಮಂಥವರಿಗೆ ಬೇರೆ ಹೇಳಬೇಕಾಗಿಲ್ಲ.

೨೦೨೩ರಲ್ಲಿ ಆ ಸಂಸ್ಥೆಯು ಡೈರೆಕ್ಟ್‌ಎಕ್ಸ್ ಆಜ್ಞೆಗಳನ್ನು ಮೆಟಲ್ಲಿಗೆ ಆಗಿಂದಾಗಲೇ ಭಾಷಾಂತರಿಸುವ ಸಾಧನವೊಂದನ್ನು ಆಟಗಳ ಕರ್ತೃಗಳಿಗೆ ಒದಗಿಸಿತು. ದುಭಾಷಿಯಿಂದ ಕೆಲಸ ನಡೆಯುತ್ತದೆ, ಆದರೆ ಕಾಲಹರಣವಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಪಂದ್ಯದ ಆಟಗಳಲ್ಲಿದೆ. ವೆಲೊರೆಂಟ್ ಎಂಬ ಆಟದಲ್ಲಿ ಮೋಸವನ್ನು ಹಿಡಿಯುವ ಕಾವಲು ವಿಂಡೋಸಿನ ಒಳಗರ್ಭದಲ್ಲಿ ಕುಳಿತಿರುವುದರಿಂದ ಮ್ಯಾಕಿಗೆ ಅಲ್ಲಿ ಪ್ರವೇಶವಿಲ್ಲ. ೨೦೨೩ರ ಕೌಂಟರ್-ಸ್ಟ್ರೈಕ್ ೨ ಕೂಡ ಮ್ಯಾಕಿಗೆ ಬರಲಿಲ್ಲ. ಡೋಟಾ ೨, ಲೀಗ್ ಆಫ್ ಲೆಜೆಂಡ್ಸ್ ಆಟಗಳಿಗೆ ಮಾತ್ರ ಮ್ಯಾಕಿನಲ್ಲಿ ಆಶ್ರಯವಿದೆ.

ಆದುದರಿಂದ ನನ್ನ ಮತದಲ್ಲಿ, ಅಂಗಬಲವುಂಟು, ಅಧಿಕಾರವು ಪಾಕ್ಷಿಕ. ವ್ಯಾಸಂಗವೇ ಪ್ರಧಾನವಾಗಿ ಆಟವು ಆನುಷಂಗಿಕವಾದವನು ಈ ಯಂತ್ರವನ್ನು ಕೊಳ್ಳಬಹುದು. ಪಂದ್ಯವೇ ಪ್ರಧಾನವಾದವನು ತನ್ನ ಆಟದ ಹೆಸರನ್ನು ಹಿಡಿದು ವಿಚಾರಿಸದೆ ಕೊಳ್ಳಲಾಗದು. ಮುಂದೆ ಬಂದೀತೆಂದು ಕಾಯುವವರು ಕಾಲದ ಲೆಕ್ಕವನ್ನೂ ಇಟ್ಟುಕೊಳ್ಳಲಿ: ೨೦೨೦ರಲ್ಲಿ ವಿಂಡೋಸಿಗೆ ಬಂದ ಸೈಬರ್‌ಪಂಕ್ ೨೦೭೭ ಮ್ಯಾಕಿಗೆ ಬಂದದ್ದು ೨೦೨೫ರ ಜುಲೈಯಲ್ಲಿ.