ಹಳೆಯ ಹೆದ್ದಾರಿಯ ಪೆಟ್ರೋಲ್ ಬಂಕು

ದಾರಿಹೋಕನ ಬಾಯಾರಿಕೆಯನ್ನು ತಣಿಸುವುದು ನಮ್ಮ ನಾಡಿನಲ್ಲಿ ಪುಣ್ಯಕಾರ್ಯಗಳಲ್ಲೊಂದೆಂದು ಎಣಿಕೆಯಾಗಿತ್ತು. ಅರವಟ್ಟಿಗೆಯನ್ನು ಇಡಿಸಿದವರ, ಕೆರೆಯನ್ನು ಕಟ್ಟಿಸಿದವರ, ಛತ್ರವನ್ನು ನಡೆಸಿದವರ ಹೆಸರುಗಳು ಶಾಸನಗಳಲ್ಲಿ ಉಳಿದುಬಂದಿವೆ. ದಾರಿಯಲ್ಲಿ ಮನುಷ್ಯನೂ ಎತ್ತೂ ನಡೆಯುತ್ತಿದ್ದ ಕಾಲದ ಮಾತು ಅದು. ಅದೇ ದಾರಿಯ ಮೇಲೆ ಯಂತ್ರವು ಓಡತೊಡಗಿದಾಗ, ಅದರ ದಾಹಕ್ಕೆಂದು ಹುಟ್ಟಿದ ಅರವಟ್ಟಿಗೆಯೇ ಪೆಟ್ರೋಲ್ ಬಂಕು. ಇಲ್ಲಿ ಕಾಸು ಕೊಡಬೇಕೆಂಬುದು ನಿಜ; ಆದುದರಿಂದಲೇ ಏನೋ, ಇದನ್ನು ನಡೆಸಿದವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೊರೆಸಲಿಲ್ಲ.

ಬೆಂಗಳೂರು ಮೈಸೂರುಗಳ ನಡುವಿನ ರಸ್ತೆಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣಗಳು ಮಣಿಗಳಂತೆ ಪೋಣಿಸಿಕೊಂಡಿವೆ. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿದ ಮೇಲೂ ರಸ್ತೆಯ ಮಹತ್ತ್ವ ಕುಂದಲಿಲ್ಲ. ಮೋಟಾರು ಬಂದು ಅದನ್ನು ಇಮ್ಮಡಿಸಿತು. ಮೊದಲಲ್ಲಿ ಪೆಟ್ರೋಲು ಮಾರಾಟವಾಗುತ್ತಿದ್ದುದು ತಗಡಿನ ಡಬ್ಬಿಗಳಲ್ಲಿ. ಆಮೇಲೆ ಕೈಪಂಪು ಬಂದಿತು. ಹಿಡಿಯನ್ನು ಆಡಿಸಿದರೆ ನೆಲದೊಳಗಿನ ತೊಟ್ಟಿಯಿಂದ ಎಣ್ಣೆಯು ಮೇಲಿನ ಗಾಜಿನ ಪಾತ್ರೆಗೆ ಏರುತ್ತಿತ್ತು. ಗಿರಾಕಿಯ ಕಣ್ಣೆದುರಿಗೇ ಗ್ಯಾಲನ್ನಿನ ಗೆರೆ ಮುಟ್ಟಿ ಕೊಳವೆಯ ಮೂಲಕ ಇಳಿಯುತ್ತಿತ್ತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲಿಗೂ ಪಡಿತರ ಬಂದು, ಬಸ್ಸುಗಳು ಇದ್ದಿಲಿನ ಅನಿಲದಿಂದ ಏದುಸಿರು ಬಿಡುತ್ತ ಓಡಿದುವು. 1948ರಲ್ಲಿ ಮೈಸೂರು ಸರಕಾರವು 120 ಬಸ್ಸುಗಳೊಡನೆ ಸಾರಿಗೆ ಇಲಾಖೆಯನ್ನು ಸ್ಥಾಪಿಸಿತು. ರಸ್ತೆ ಬೆಳೆಯಿತು, ಅದರೊಡನೆ ಬಂಕೂ ಬೆಳೆಯಿತು.

ಸಣ್ಣ ಊರುಗಳಲ್ಲಿ ಇದು ಬಹುಮಟ್ಟಿಗೆ ಮನೆತನದ ಉದ್ಯೋಗ. ತಂದೆ ಗಲ್ಲಾದಲ್ಲಿ ಕುಳಿತರೆ ಮಗ ಪಂಪಿನ ಬಳಿ ನಿಲ್ಲುತ್ತಾನೆ. ಪಕ್ಕದಲ್ಲಿ ‘ವಾಟರ್ ಸರ್ವೀಸ್’ ಎಂಬ ಹಲಗೆ, ಚಕ್ರಕ್ಕೆ ಗಾಳಿ, ರೇಡಿಯೇಟರಿಗೆ ನೀರು, ಅಚ್ಚಿಗೆ ಗ್ರೀಸು. ಮಾಲು ಮಾತ್ರ ಎಂದಿಗೂ ಕಂಪೆನಿಯದು. ಎಸ್ಸೋ 1974ರಲ್ಲಿ, ಬರ್ಮಾ ಷೆಲ್ 1976ರಲ್ಲಿ ಸರಕಾರದ ವಶವಾದುವು. ಕಾಲ್ಟೆಕ್ಸ್ 1978ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿ ಲೀನವಾಯಿತು. ಹಲಗೆಯ ಮೇಲಿನ ಹೆಸರು, ಬಣ್ಣ, ಲಾಂಛನ ಎಲ್ಲವೂ ಬದಲಾದುವು. ಹಲಗೆಯ ಕೆಳಗೆ ನಿಂತ ಮನುಷ್ಯ ಬದಲಾಗಲಿಲ್ಲ. ಕ್ಲೋಸ್‌ಪೇಟೆಯು ರಾಮನಗರವಾದಾಗ ಬೆಟ್ಟಗಳು ಬದಲಾಗದೆ ಉಳಿದಂತೆಯೇ ಇದು.

ಈ ಉದ್ಯೋಗದ ಜೀವಾಳವೆಂದರೆ ಅಳತೆ. ನೆಲದೊಳಗಿನ ತೊಟ್ಟಿಗೆ ಕೋಲನ್ನು ಇಳಿಸಿ ಎಷ್ಟಿದೆಯೆಂದು ನೋಡುವುದರಿಂದ ದಿನ ಪ್ರಾರಂಭವಾಗುತ್ತದೆ. ಕೋಲಿನ ತುದಿಗೆ ಬಳಿದ ಲೇಪ ಬಣ್ಣ ತಿರುಗಿದರೆ ತಳದಲ್ಲಿ ನೀರು ಸೇರಿದೆಯೆಂದು ಅರ್ಥ. ಸಂದೇಹಪಡುವ ಗಿರಾಕಿಯು ಐದು ಲೀಟರಿನ ಅಳತೆಪಾತ್ರೆಯನ್ನು ಕೇಳಬಹುದು. ಸೋಸುಕಾಗದದ ಮೇಲೆ ಒಂದು ತೊಟ್ಟು ಬಿಡಿಸಿ, ಕಲೆಯುಳಿಯುವುದೋ ಆರಿಹೋಗುವುದೋ ಎಂದು ಪರೀಕ್ಷಿಸಬಹುದು. ಕೊಳವೆಯನ್ನು ಎತ್ತುವ ಮುನ್ನ ಹುಡುಗನು ‘ಝೀರೋ ನೋಡಿ ಸಾರ್’ ಎನ್ನುತ್ತಾನಲ್ಲ, ಅದು ಬರಿಯ ವಾಡಿಕೆಯ ಮಾತಲ್ಲ; ಪ್ರತಿಯೊಂದು ವ್ಯವಹಾರಕ್ಕೂ ಮುಂಚೆ ಮಾಡುವ ಪ್ರಮಾಣವಚನ. ದೂರದ ಪ್ರಯಾಣಿಕನಿಗೆ ಮೋಸ ಮಾಡಿದರೆ ಅವನು ಮತ್ತೆ ಬರಲಾರ. ಊರಿನವನಿಗೆ ಮಾಡಿದರೆ ಅವನು ನಾಳೆಯೇ ಬಂದು ಕೇಳುತ್ತಾನೆ. ಮನೆತನದ ಬಂಕಿಗೆ ಮರ್ಯಾದೆಯ ಭಯವೇ ಮೊದಲನೆಯ ಕಾವಲುಗಾರ.

ಇತ್ತ ಗಾಡಿ ನಿಂತರೆ ಅತ್ತ ಊರು ಬದುಕುತ್ತಿತ್ತು. ಎಣ್ಣೆ ತುಂಬುವಷ್ಟರಲ್ಲಿ ಎಳನೀರು, ಬಿಡದಿಯ ತಟ್ಟೆ ಇಡ್ಲಿ. ಮಕ್ಕಳ ಹಟಕ್ಕೆ, ಆಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಚನ್ನಪಟ್ಟಣದ ಗೊಂಬೆ. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತಂದ ರೈತನ ಗಾಡಿಗೂ ಇಲ್ಲಿಯೇ ಎಣ್ಣೆ.

2023ರ ಮಾರ್ಚ್ 12ರಂದು, 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿಯು ಉದ್ಘಾಟನೆಯಾಯಿತು. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯಗಳನ್ನು ಬಳಸಿ ಹೊರಗಿನಿಂದ ಸಾಗುತ್ತದೆ. ಮೂರು ಗಂಟೆಯ ದಾರಿ ಸುಮಾರು ಅರ್ಧಕ್ಕೆ ಇಳಿಯಿತು. ಪ್ರಯಾಣಿಕನಿಗೆ ಲಾಭವೇ, ಅದನ್ನು ಅಲ್ಲಗಳೆಯುವುದು ಸತ್ಯಕ್ಕೆ ಅಪಚಾರ. ಆದರೆ ಆ ಉಳಿದ ಒಂದೂವರೆ ಗಂಟೆಯಲ್ಲಿಯೇ ಈ ಊರುಗಳ ಎಳನೀರು, ಗೊಂಬೆ, ಎಣ್ಣೆಗಳ ಬಾಳು ಅಡಗಿತ್ತೆಂಬುದನ್ನು ಯಾವ ಅಂದಾಜುಪಟ್ಟಿಯೂ ಲೆಕ್ಕ ಹಾಕುವುದಿಲ್ಲ. ಇದಕ್ಕೆ ಮೊದಲೇ, 2017ರ ಜೂನ್‌ನಿಂದ ಎಣ್ಣೆಯ ಬೆಲೆಯನ್ನು ದಿನಂಪ್ರತಿ ಪರಿಷ್ಕರಿಸುವ ಪದ್ಧತಿ ಬಂದು, ರಾತ್ರಿ ಬೆಲೆ ಇಳಿದರೆ ತೊಟ್ಟಿಯಲ್ಲಿರುವ ಮಾಲಿನ ನಷ್ಟವನ್ನು ಬಂಕಿನವನೇ ಹೊರುವಂತಾಗಿತ್ತು.

ಹಾಗಾದರೆ ಹಳೆಯ ರಸ್ತೆಗೆ ಉಳಿದುದೇನು? 2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಷಿದ್ಧವಾಯಿತು. ಹೊಲಕ್ಕೆ ಹೋಗುವವನು, ಮಗಳನ್ನು ಕಾಲೇಜಿಗೆ ಬಿಡುವವನು, ಮಾಗಡಿ ಕನಕಪುರಗಳ ಕಡೆಗೆ ಸಾಮಾನು ಸಾಗಿಸುವವನು ಹಳೆಯ ಬಂಕಿಗೇ ಬರಬೇಕು. ಅವನು ನೂರು ರೂಪಾಯಿಗೆ ಹಾಕಿಸಿಕೊಳ್ಳುವವನು. ಆದರೆ ತಪ್ಪದೆ ಬರುವವನು. ಒಂದು ಕಾಲದಲ್ಲಿ ಸಿರಿವಂತರ ಮೋಟಾರಿಗೆಂದು ಬಾಗಿಲು ತೆರೆದ ಬಂಕು ಈಗ ನೆರೆಹೊರೆಯವರದಾಗಿದೆ. ಆ ಸಣ್ಣ ವ್ಯಾಪಾರವು ಮನೆತನವನ್ನು ಸಾಕೀತೆ, ಓದಿದ ಮಕ್ಕಳು ಗಲ್ಲಾಕ್ಕೆ ಮರಳಿ ಬಂದಾರೆಯೆ ಎಂಬುದೇ ಈಗಿನ ಪ್ರಶ್ನೆ.

ಅದಕ್ಕೆ ಉತ್ತರ ಕೊಡುವವರು ಕಂಪೆನಿಯವರಲ್ಲ, ನಾವು. ಊರಿನ ಅರವಟ್ಟಿಗೆಯು ನೀರೆರೆಯುವವನ ಧರ್ಮದಿಂದ ಮಾತ್ರ ನಿಂತುದಲ್ಲ; ಅಲ್ಲಿ ನಿಂತು ಕುಡಿಯುವವರು ಇದ್ದುದರಿಂದಲೂ ನಿಂತಿತು.